ಮಣ್ಣಿನ ಕುಡಿಕೆ, ಹಿತ್ತಾಳೆ ತಂಬಿಗೆ

ಆ ಊರಿನ ಹೆಸರು ನಾನು ಹೇಳುವುದಿಲ್ಲ. ಕುಷ್ಟಗಿಯಿಂದ ಬಂಡಿಯಲ್ಲಿ ಅರ್ಧ ದಿನದ ಹಾದಿ, ಅಷ್ಟು ತಿಳಿದರೆ ಸಾಕು. ಹೆಸರು ಹೇಳಿದರೆ ತಪ್ಪು ಊರಿನದು ಎಂದುಕೊಂಡೀರಿ. ತಪ್ಪು ನನ್ನದು. ಗಂಗಾವತಿಯ ಅಕ್ಕಿ ಅಂಗಡಿಯವರ ಮಗ ಉಮಾಪತಿಯದು.

ದೊಡ್ಡ ಯುದ್ಧ ನಡೆದಿದ್ದ ಕಾಲ. ನನಗೆ ಇಪ್ಪತ್ತು ವರ್ಷ, ನಾರ್ಮಲ್ ಶಾಲೆಯಲ್ಲಿ ಮಾಸ್ತರಿಕೆ ಕಲಿಯುತ್ತಿದ್ದೆ. ಕಲಿಕೆಯ ಕೊನೆಗೆ ಒಂದು ತಿಂಗಳು ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಬೇಕು. ಕಡೆಯ ದಿನ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಕೂತು ನೋಡುತ್ತಾರೆ. ಮೆಚ್ಚಿದರೆ ಸನದು ಕೊಡುತ್ತಾರೆ, ಸರ್ಕಾರಿ ಮಾಸ್ತರನಾಗುತ್ತೇನೆ. ಮೆಚ್ಚದಿದ್ದರೆ ಅಪ್ಪನ ಅಂಗಡಿಯ ತಕ್ಕಡಿ. ನಾನು ಮನೆ ಬಿಡುವಾಗ ಅಪ್ಪ, "ಹೋಗು ಹೋಗು, ತಿಂಗಳಿಗೆ ತಿರುಗಿ ಬರ್ತಿ. ತಕ್ಕಡಿ ಒರೆಸಿ ಇಟ್ಟಿರ್ತೀನಿ" ಅಂದಿದ್ದ. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಸನದಿಲ್ಲದೆ ಗಂಗಾವತಿಯ ಅಗಸಿಬಾಗಿಲನ್ನು ತಿರುಗಿ ದಾಟುವುದಿಲ್ಲ ಎಂದು ಅವತ್ತೇ ಆಣೆ ಹಾಕಿಕೊಂಡೆ.

ಆ ಶಾಲೆಗೆ ಇದ್ದವರು ಒಬ್ಬರೇ ಮಾಸ್ತರು, ಹಂಪಣ್ಣನವರು. ಅವರ ಪಾಠವೆಂದರೆ ಕಣ್ಣು ಮುಚ್ಚಿಕೊಂಡು ಮಗ್ಗಿ ಹೇಳಿಸುವುದು. ಮಗ್ಗಿ ಹದಿನಾರಕ್ಕೆ ಬರುವಷ್ಟರಲ್ಲಿ ಅವರ ಗೊರಕೆ ಶುರುವಾಗಿರುತ್ತಿತ್ತು. ನಾನು ಹೋದವನೇ ಎಲ್ಲ ತಿರುವಿ ಹಾಕಿದೆ. ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡಿಸಿ, ಗಾಲಿ ಎಣಿಸಿ ಗುಣಾಕಾರ ಕಲಿಸಿದೆ. ಉಸುಕು ತರಿಸಿ ಅಂಗಳದಲ್ಲೇ ತುಂಗಭದ್ರೆ ಹರಿಸಿದೆ. ಗಂಟೆ ಹೊಡೆದರೂ ಮಕ್ಕಳು ಮನೆಗೆ ಹೋಗಲೊಲ್ಲವು. "ಏನ್ರೀ ಉಮಾಪತಿ, ಸಾಲಿ ನಡಸ್ತೀರೋ ಬಯಲಾಟ ಕುಣಸ್ತೀರೋ?" ಎಂದು ಹಂಪಣ್ಣನವರು ಛೇಡಿಸುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಮಕ್ಕಳಲ್ಲಿ ಎಲ್ಲರಿಗಿಂತ ಚುರುಕಾದವಳು ಗಾಳೆಮ್ಮ. ಶಾಲೆಯ ಕಸ ಹೊಡೆಯುವ ತಿಮ್ಮಣ್ಣನ ಮಗಳು, ಹತ್ತು ವರ್ಷದವಳು. ಕೇರಿಯ ಹುಡುಗಿಯಾದ್ದರಿಂದ ಹೊಸ್ತಿಲ ಹೊರಗೆ ಕೂರುತ್ತಿದ್ದಳು. ಅದು ಆಗಿನ ಪದ್ಧತಿ. ಅದರಲ್ಲಿ ನನಗೂ ಏನೂ ವಿಶೇಷ ಕಂಡಿರಲಿಲ್ಲ, ಸುಳ್ಳೇಕೆ ಹೇಳಲಿ.

ನನ್ನ ಊಟ ವಸತಿ ಊರಗೌಡ ಕಳಕಪ್ಪನವರ ಮನೆಯಲ್ಲಿ. ಅವರ ಮುತ್ತಜ್ಜ ಕಟ್ಟಿಸಿದ ದೊಡ್ಡ ಬಾವಿ ಊರ ನಡುವೆ ಇತ್ತು. ನಾಲ್ವತ್ತು ಮೆಟ್ಟಿಲು, ನೀರಿನ ತನಕ ಇಳಿದು ಹೋಗಿ ಕೊಡ ಮುಳುಗಿಸಿ ತರುವ ಬಾವಿ. ಕೇರಿಯವರು ಅದಕ್ಕೆ ಇಳಿಯುವಂತಿರಲಿಲ್ಲ. ಅವರ ಹೆಂಗಸರು ಹಳ್ಳದ ಉಸುಕು ಬಗೆದು ಒರತೆ ಮಾಡಿಕೊಂಡು, ಜಿನುಗಿದ ನೀರನ್ನು ಚಿಪ್ಪಿನಿಂದ ತೋಡಿ ಕೊಡ ತುಂಬಿಸುತ್ತಿದ್ದರು.

ಇನ್ಸ್‌ಪೆಕ್ಟರರ ಮುಂದೆ ಮಾಡಲು ನಾನು ಆರಿಸಿಕೊಂಡ ಪಾಠ 'ನಾರು'. ಕಾಲಿನಲ್ಲಿ ಗುಳ್ಳೆ ಎದ್ದು ಒಡೆದು ಬಿಳಿ ದಾರದಂತೆ ಮೊಳಗಟ್ಟಲೆ ಹೊರಬರುವ ಹುಳು. ನಮ್ಮ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಮನೆಗೊಬ್ಬರು ನಾರು ಎದ್ದು ಮಲಗುವುದು ಮಾಮೂಲು. ಆಗಲೂ ನಾಲ್ಕು ಮಕ್ಕಳು ಅದರಿಂದಲೇ ಶಾಲೆ ಬಿಟ್ಟಿದ್ದರು. ಊರವರು 'ಮೈಯಾಗ ಉಷ್ಣ' ಅನ್ನುತ್ತಿದ್ದರು. ನನ್ನ ಪುಸ್ತಕ ಬೇರೆ ಹೇಳುತ್ತಿತ್ತು: ನಾರು ಎದ್ದ ಕಾಲು ನೀರಿಗೆ ಬಿದ್ದರೆ ಅದರ ಮರಿ ನೀರು ಸೇರುತ್ತದೆ, ಅದನ್ನು ನೀರಿನ ಸಣ್ಣ ಹುಳ ತಿನ್ನುತ್ತದೆ, ಆ ಹುಳದ ನೀರು ಕುಡಿದವನಿಗೆ ವರ್ಷ ತುಂಬಿದ ಮೇಲೆ ನಾರು ಏಳುತ್ತದೆ. ಅದಕ್ಕೆ, ಹುಣ್ಣಿನ ಕಾಲು ಬಾವಿಗೆ ಇಳಿಸಬೇಡಿ, ನೀರು ಬಟ್ಟೆಯಲ್ಲಿ ಸೋಸಿ ಕುಡಿಯಿರಿ. ಪಾಠದ ಕೊನೆಗೆ ನಾನು ಹೇಳಬೇಕಾದದ್ದು ಅಷ್ಟೇ ಮಾತು.

ಹೇಳಿದರೆ ಯಾರು ನಂಬಿಯಾರು? ಕಣ್ಣಿಗೇ ತೋರಿಸಬೇಕೆಂದು ನಾರ್ಮಲ್ ಶಾಲೆಯಿಂದ ಮಾಯಾದೀಪ ತರಿಸಿದೆ. ತಗಡಿನ ಪೆಟ್ಟಿಗೆ, ಒಳಗೆ ಚಿಮಣಿ ದೀಪ, ಮುಂದೆ ದಪ್ಪ ಭೂತಗನ್ನಡಿ. ನಡುವೆ ಬೆರಳಗಲದ ಗಾಜಿನ ಡಬ್ಬಿಯಲ್ಲಿ ನೀರು ಹಾಕಿ ಇಟ್ಟರೆ, ಆ ನೀರಿನಲ್ಲಿ ಇರುವುದೆಲ್ಲ ಎದುರಿನ ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಎರಡು ಥರದ ನೀರು ತೋರಿಸುವುದು ನನ್ನ ಹಂಚಿಕೆ. ಮೊದಲು ಹೊಲಸು ನೀರು, ಆಮೇಲೆ ಶುದ್ಧ ನೀರು. ಹೊಲಸು ನೀರು ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಕೇರಿಯ ನೀರು. ಶುದ್ಧ ನೀರು ಎಂದ ಕೂಡಲೇ ಬಂದದ್ದು ಗೌಡರ ಬಾವಿ. ಒಮ್ಮೆ ಮೊದಲೇ ಹಚ್ಚಿ ನೋಡಿದ್ದರೆ ಆಗುತ್ತಿತ್ತು. ಯುದ್ಧದ ದಿನಗಳು, ಚಿಮಣಿ ಎಣ್ಣೆ ಸಿಗುವುದೇ ದುರ್ಲಭ, ಇದ್ದ ಅರ್ಧ ಸೀಸೆ ತೀರಿದರೆ ಗತಿ ಏನೆಂದು ಹಚ್ಚಲಿಲ್ಲ. ಅದಕ್ಕಿಂತ, ನೋಡಬೇಕೆಂದು ಅನ್ನಿಸಲೇ ಇಲ್ಲ. ಗೊತ್ತಿದ್ದದ್ದನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಆ ದಿನ ಕಿಟಕಿ ಬಾಗಿಲಿಗೆಲ್ಲ ಕಂಬಳಿ ಕಟ್ಟಿ ನಡುಹಗಲನ್ನೇ ಕತ್ತಲೆ ಮಾಡಿದೆವು. ಇನ್ಸ್‌ಪೆಕ್ಟರ್ ಸಾಹೇಬರು ಕುರ್ಚಿಯಲ್ಲಿ, ಪಕ್ಕದಲ್ಲಿ ರುಮಾಲು ಸುತ್ತಿಕೊಂಡ ಕಳಕಪ್ಪಗೌಡರು. ಬಾಗಿಲ ಒಳಬದಿಗೆ ಅರ್ಧ ಊರೇ ನೆರೆದಿತ್ತು.

"ಗಾಳೆಮ್ಮಾ, ಹಳ್ಳದ ನೀರು ತಂದೀ ಏನವಾ?"

ಅವಳು ಮಣ್ಣಿನ ಕುಡಿಕೆ ಹಿಡಿದು, ಬಾಗಿಲ ಕಂಬಳಿ ಸರಿಸಿ ಹೊಸ್ತಿಲಿಗೆ ಬಂದಳು. ನಾನು ಗಾಜಿನ ಡಬ್ಬಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದೆ. ಅವಳು ಮೇಲಿನಿಂದ ತಾನೇ ಸುರಿದಳು, ಒಂದು ಹನಿ ಚೆಲ್ಲಲಿಲ್ಲ. "ಈಗ ನೋಡ್ರಿ ಹೊಲಸು ನೀರಿನ ಹಣೇಬಾರ" ಎಂದು ಗತ್ತಿನಿಂದ ಹೇಳಿ ಡಬ್ಬಿಯನ್ನು ದೀಪದ ಮುಂದೆ ಕೂರಿಸಿದೆ.

ಗೋಡೆಯ ಮೇಲೆ ಬೆಳಕಿನ ದುಂಡು ಬಿತ್ತು. ಅದರಲ್ಲಿ ಏನೂ ಇರಲಿಲ್ಲ. ಎರಡು ಉಸುಕಿನ ಕಾಳು ಮೆಲ್ಲಗೆ ಮೇಲಕ್ಕೆ ಹೋದವು, ಮಾಯಾದೀಪದಲ್ಲಿ ಎಲ್ಲ ತಲೆಕೆಳಗು. ಅಷ್ಟೇ. ನಾನು ಕನ್ನಡಿ ತಿರುವಿದೆ, ದೀಪ ಏರಿಸಿದೆ, ಇಳಿಸಿದೆ. ಏನೂ ಇಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು.

"ಇರ್ಲಿ, ಇದರಾಗ ಸಣ್ಣಾವು ಇರ್ತಾವ, ಕಾಣಂಗಿಲ್ಲ. ಈಗ ಶುದ್ಧ ನೀರು ನೋಡೋಣು" ಎಂದು ಡಬ್ಬಿ ಬರಿದು ಮಾಡಿ ಒರೆಸಿದೆ. ಗೌಡರ ಮೊಮ್ಮಗನೊಬ್ಬ ನನ್ನ ವಿದ್ಯಾರ್ಥಿ. ಹೆಸರು ಮುದುಕಪ್ಪ, ವಯಸ್ಸು ಒಂಬತ್ತು. ಅವನು ಫಳಫಳ ಹೊಳೆಯುವ ಹಿತ್ತಾಳೆ ತಂಬಿಗೆಯಲ್ಲಿ ದೊಡ್ಡ ಬಾವಿಯ ನೀರು ತಂದಿದ್ದ. ಅದನ್ನು ತುಂಬಿ ಡಬ್ಬಿ ಕೂರಿಸಿದೆ.

ಅಯ್ಯಯ್ಯೋ! ಗೋಡೆಯೇ ಕುಣಿಯತೊಡಗಿತು. ಕೋಳಿಮೊಟ್ಟೆಯಷ್ಟು ದಪ್ಪನೆಯವು, ಬಾಲ ಸೀಳಿದವು, ಮೀಸೆ ಇದ್ದವು, ಹತ್ತೋ ಇಪ್ಪತ್ತೋ ಲೆಕ್ಕವೇ ಸಿಗಲಿಲ್ಲ. ದೀಪದ ಕಾವಿಗೆ ಚಿಟಚಿಟ ಜಿಗಿದವು. ಮಕ್ಕಳು ಚೀರಿ ಒಬ್ಬರ ಮೇಲೊಬ್ಬರು ಬಿದ್ದರು. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಓ ಎಂದು ವಾಂತಿ ಮಾಡಿಕೊಂಡಳು. ಒಂದು ತಿಂಗಳಿಂದ ನಾನು ಹೊತ್ತಿಗೆ ಎರಡು ತಂಬಿಗೆ ಕುಡಿದ ನೀರು ಅದು.

ಗೌಡರು ಎದ್ದು ನಿಂತರು. "ಯಾವ ನೀರದು?" ಅವರ ದನಿ ಏರಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. "ಮಾಸ್ತರ, ನಮ್ಮ ಮುತ್ಯಾನ ಬಾವಿ ನೀರೇನದು? ನಾಕ್ ಮಂದ್ಯಾಗ ನಮ್ಮ ಮಾನ ಕಳಿಯಾಕ ಬಂದೀರೇನು?"

"ಮಾಸ್ತರ್ ಸಾಬ್, ಜವಾಬು ಕೊಡ್ರಿ. ಎಲ್ಲೀ ನೀರು ಇದು?" ಎಂದರು ಇನ್ಸ್‌ಪೆಕ್ಟರರು, ಗೌಡರ ಮುಖ ನೋಡುತ್ತ.

ಹಂಪಣ್ಣನವರು ನನ್ನ ಕಿವಿಯಲ್ಲಿ, "ಅದಲು ಬದಲಾತು ಅನ್ರಿ. ಸನದು ಬೇಕೋ ಬ್ಯಾಡೋ?" ಅಂದರು. ಅಪ್ಪ ಒರೆಸಿಟ್ಟ ತಕ್ಕಡಿ ನನ್ನ ಕಣ್ಣ ಮುಂದೆ ಬಂತು.

"ತಪ್ಪಾತ್ರಿ," ಅಂದೆ. "ಕತ್ತಲಾಗ ಅದಲು ಬದಲಾಗ್ಯಾವ್ರಿ. ಮೊದಲ್ನೇದು ದೊಡ್ಡ ಬಾವೀದು. ಇದು ಹಳ್ಳದ್ದು."

ಕೇಳಿ. ಒಂದು ಮಣ್ಣಿನ ಕುಡಿಕೆ, ಒಂದು ಹಿತ್ತಾಳೆ ತಂಬಿಗೆ. ಒಂದನ್ನು ಹೊಸ್ತಿಲ ಹೊರಗಿನಿಂದ ಸುರಿದದ್ದು, ಇನ್ನೊಂದನ್ನು ಒಳಗೆ ತುಂಬಿದ್ದು. ಅದಲು ಬದಲಾಗುವುದುಂಟೇ? ಅಲ್ಲಿದ್ದವರೆಲ್ಲ ಕಣ್ಣಾರೆ ನೋಡಿದ್ದರು. ಯಾರಾದರೊಬ್ಬರು ನಗುತ್ತಾರೆಂದು ನಾನು ಉಸಿರು ಬಿಗಿಹಿಡಿದು ನಿಂತೆ. ಯಾರೂ ನಗಲಿಲ್ಲ. "ಹಂಗ ಅನ್ರಿ ಮತ್ತ!" ಎಂದು ಗೌಡರು ಕೂತರು. "ನನಗೂ ಹಂಗಽ ಅನ್ನಿಸ್ತು" ಅಂದರು ಸಾಹೇಬರು. ಇಡೀ ಊರು ಹಾಯೆಂದು ಉಸಿರು ಬಿಟ್ಟಿತು. ಹುಳಗಳನ್ನು ನೋಡಿದ್ದಕ್ಕಿಂತ ನನಗೆ ಇದೇ ಹೆಚ್ಚು ದಿಗಿಲಾಯಿತು.

"ಇಲ್ರಿ ಸರ," ಎಂದಿತು ಹೊಸ್ತಿಲ ಹೊರಗಿನ ದನಿ. "ಮೊದಲಿಂದು ನಂದ್ರಿ. ನಾನಽ ಸುರಿದೀನಲ್ರಿ."

ಹಿಡಿದ ಸನದು ಕೈ ಜಾರುತ್ತದೆ ಅನ್ನಿಸಿತು. ಸಿಟ್ಟು ನೆತ್ತಿಗೇರಿತು. ಆ ತಿಂಗಳೆಲ್ಲ ಮುಟ್ಟದ ಬೆತ್ತವನ್ನು ಹಂಪಣ್ಣನವರ ಮೇಜಿನಿಂದ ಎತ್ತಿಕೊಂಡು ಹೋದೆ. "ಹಿರಿಯರ ಮಾತಿಗೆ ಎದುರು ಮಾತಾಡ್ತಿ? ಹಿಡಿ ಕೈ." ಅವಳು ಅಂಗೈ ಚಾಚಿದಳು. ಆರು ಏಟು ಕೊಟ್ಟೆ. ಅವಳು ಅಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ಸೋಸಿ ಕುಡಿಯಿರಿ ಎಂಬ ಮಾತು ಹೇಳುವುದು ಮರೆತೇ ಹೋಯಿತು. ಮರೆತೆನೋ, ದೊಡ್ಡ ಬಾವಿಯ ನೀರು ಸೋಸಿರಿ ಎನ್ನುವ ಧೈರ್ಯ ಆಗಲಿಲ್ಲವೋ. ಎರಡನೆಯದೇ ನಿಜ.

ಸನದು ಸಿಕ್ಕಿತು. ಯಲಬುರ್ಗಾದ ಶಾಲೆಗೆ ಮಾಸ್ತರನಾದೆ. ಅಪ್ಪ ಊರಿಗೆಲ್ಲ ಪೇಢೆ ಹಂಚಿದ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಎಡಗಾಲಿನ ಹರಡಿನ ಹತ್ತಿರ ಗುಳ್ಳೆ ಎದ್ದಿತು, ಕೆಂಡ ಇಟ್ಟಂತಹ ಉರಿ. ಮೂರನೆಯ ದಿನ ಸ್ನಾನ ಮಾಡುವಾಗ ಅದು ಒಡೆಯಿತು. ಒಳಗಿನಿಂದ ಬಿಳಿಯ ಎಳೆಯೊಂದು ತಲೆ ಹೊರಹಾಕಿತು. ವರ್ಷ ತುಂಬಿದ ಮೇಲೆ ಏಳುತ್ತದೆ ಎಂದು ಪುಸ್ತಕ ಹೇಳಿತ್ತು, ದಿನ ಎಣಿಸಿದರೆ ಸರಿಯಾಗಿತ್ತು. ಆ ಶಾಲೆಯ ಮಕ್ಕಳು ಇನ್ನೂ ಅದೇ ನೀರು ಕುಡಿಯುತ್ತಿವೆ ಎಂಬುದು ಆಗ ತಲೆಗೆ ಹೊಕ್ಕಿತು. ಸನದು ಹೋದರೆ ಹೋಗಲಿ, ಹೇಳಿಯೇ ಬಿಡುತ್ತೇನೆಂದು ಬಂಡಿ ಕಟ್ಟಿಸಿಕೊಂಡು ಹೊರಟೆ.

ಮೊದಲು ಬಾವಿಗೇ ಹೋದೆ. ಕೆಳಗಿನ ಮೆಟ್ಟಿಲ ಮೇಲೆ ಮುದುಕಪ್ಪ ಕೂತಿದ್ದ. ನಾರು ಎದ್ದ ಕಾಲನ್ನು ಉರಿ ತಡೆಯಲಾರದೆ ನೀರಿನಲ್ಲಿ ಇಳಿಬಿಟ್ಟಿದ್ದ. ಎರಡು ಮೊಳ ಆಚೆ ಅವನ ಅಜ್ಜಿ ಬಸವಣ್ಣೆಮ್ಮ ಕುಡಿಯುವ ನೀರಿಗೆ ಕೊಡ ಮುಳುಗಿಸುತ್ತಿದ್ದರು.

"ಕಾಲು ತಗೀಲೇ!" ನನ್ನ ಕೂಗು ಬಾವಿಯಲ್ಲಿ ಮೂರು ಸಲ ಮೊಳಗಿತು.

ಕಳಕಪ್ಪಗೌಡರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. "ಗೌಡ್ರ, ಅವತ್ತು ನಾನು ಸುಳ್ಳು ಹೇಳಿದೆ. ಹುಳದ ನೀರು ದೊಡ್ಡ ಬಾವೀದು. ಹಳ್ಳದ ನೀರು ಚೊಕ್ಕಟಿತ್ತು. ಇವತ್ತಿಂದ ಬಟ್ಟ್ಯಾಗ ಸೋಸಿ ಕುಡೀರಿ."

"ಎಂಥಾ ಮಾತಾಡ್ತೀರಿ ಮಾಸ್ತರ?" ಅಂದರು ಅವರು. "ಹಳ್ಳದ್ದು ಹುಳದ ನೀರಂತ ಸರಕಾರದ ಮಂದಿ ಮುಂದ ನೀವಽ ಹೇಳಿದ್ರಿ. ಪಾಪ, ಕೇರಿಯವರೂ ಮನುಷ್ಯಾರಽ ಅಲ್ಲೇನಂತ ಮರುದಿನಾನ ಆಳು ಹಚ್ಚಿ ಹಳ್ಳದ ಒರತಿಗೆಲ್ಲ ಕಲ್ಲು ಮುಳ್ಳು ತುಂಬಿಸಿದೆ. ಈಗ ಅವರು ಬಾವಿ ಮ್ಯಾಲ ಬಂದು ನಿಂದರ್ತಾರ, ನಮ್ಮ ಹೆಣ್ಮಕ್ಕಳು ಕೊಡಕ್ಕ ನೀರು ಸುರೀತಾರ. ವರ್ಷಾತು. ನಾ ಮಾಡಿದ ಪುಣ್ಯದ ಕೆಲಸ ಅದೊಂದಽ."

ಉಸುಕಿನಲ್ಲಿ ಸೋಸಿ ಬಂದ ನೀರು ಕುಡಿಯುತ್ತಿದ್ದ ಕೇರಿಯಲ್ಲಿ ಯಾವತ್ತೂ ಒಬ್ಬರಿಗೂ ನಾರು ಎದ್ದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಕಾಲೆಳೆದುಕೊಂಡು ಕೇರಿಯ ಕಡೆ ನಡೆದೆ. ಬೇಡ ದೇವರೇ, ಬೇಡ ಎನ್ನುತ್ತಲೇ ನಡೆದೆ.

ತಿಮ್ಮಣ್ಣನ ಗುಡಿಸಲ ಮುಂದೆ ಗಾಳೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಲಗಾಲು ಬಾತು ಕುಂಬಳದಂತಾಗಿತ್ತು. ಮೊಣಕಾಲ ಕೆಳಗಿನ ಹುಣ್ಣಿನಿಂದ ಹೊರಬಂದ ನಾರನ್ನು ಕಸಬರಿಗೆ ಕಡ್ಡಿಗೆ ಸುತ್ತಿ ಬಟ್ಟೆ ಕಟ್ಟಿದ್ದರು. ಎಡಗಾಲಿನಲ್ಲಿ ಇನ್ನೊಂದು. ನಾನು ಹತ್ತಿರ ಹೋಗಿ ಕೈ ಮುಂದೆ ಮಾಡಿದೆ, ಗಾಯ ನೋಡಲೆಂದು.

ಅವಳು ಕಣ್ಣು ಮುಚ್ಚಿ ಅಂಗೈ ಚಾಚಿದಳು.

"ಇಲ್ಲವಾ, ಇಲ್ಲ," ಎಂದು ನಾನು ಅಳತೊಡಗಿದೆ. ದೊಡ್ಡ ಗಂಡಸು, ಸನದು ಪಡೆದ ಮಾಸ್ತರ, ಕೇರಿಯ ಮಣ್ಣಿನಲ್ಲಿ ನಿಂತು ಅತ್ತೆ. "ಅವತ್ತು ಮೊದಲ್ನೇ ನೀರು ನಿಂದಽ ಆಗಿತ್ತವಾ ಗಾಳೆಮ್ಮ. ನಾ ಸುಳ್ಳು ಹೇಳಿದೆ."

ಅವಳು ಕಣ್ಣು ತೆರೆದು ನನ್ನ ಮುಖ ನೋಡಿದಳು, ಆಮೇಲೆ ನನ್ನ ಕಾಲು ನೋಡಿದಳು.

"ನನಗ ಗೊತ್ತೈತ್ರಿ ಸರ. ಸುರಿದಾಕಿ ನಾನಽ ಅಲ್ಲೇನ್ರಿ?" ಎಂದಳು. "ನಿಮ್ಮ ಕಾಲೂ ಬಾತೈತಿ. ಕುಂದರ್ರಿ."