ಬದಲಿ ಡ್ರೈವರಿನ ತಿಂಗಳು

ಗುತ್ಯಪ್ಪ ಗಾಡಿ ಓಡಿಸಿದ ದಿನಗಳ ಚೌಕದಲ್ಲಿ ಸರೋಜ ಸೊನ್ನೆ ಒತ್ತಿದಳು. ಪರದೆಯ ಹಸಿರು ಅಂಕಿಗಳು ಒಮ್ಮೆ ಅಲುಗಿ ಬದಲಾದವು. ಗುತ್ಯಪ್ಪನ ಪಾಲಿನ ಮೊತ್ತದ ಮುಂದೆ ಒಂದು ಸಣ್ಣ ಅಡ್ಡಗೆರೆ ಬಂದು ನಿಂತಿತ್ತು. ಅವಳು ಚೀಟಿಯ ಜೊತೆ ಪ್ರತಿಯೊಂದನ್ನೂ ಮತ್ತೆ ತಾಳೆ ನೋಡಿದಳು. ಎಲ್ಲೂ ತಪ್ಪಿರಲಿಲ್ಲ. ಆ ತಿಂಗಳು ಗುತ್ಯಪ್ಪನಿಗೆ ಬರಬೇಕಾದದ್ದು ಏನೂ ಇರಲಿಲ್ಲ, ಅವನೇ ಕೊಡಬೇಕಿತ್ತು.

ಮೇಜಿನಾಚೆ ಪಾಲುದಾರರಿಬ್ಬರೂ ಕೂತಿದ್ದರು. ಹೊಸನಗರದಿಂದ ಸಾಗರಕ್ಕೆ ಓಡುವ ಮೆಟಡೋರ್ ಅವರದು. ದುಡ್ಡು ಮುಕುಂದಯ್ಯನದು, ಸ್ಟೇರಿಂಗ್ ಗುತ್ಯಪ್ಪನದು. ಆಡಿಟರ್ ಮಂಜುನಾಥಪ್ಪನವರ ಆಫೀಸಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದ ಸರೋಜ ಅದರಲ್ಲಿ ಮೊದಲು ಕೂಡಿಸಿದ ಲೆಕ್ಕವೇ ಇವರದು. ಡೀಸೆಲ್, ರಿಪೇರಿ ಕಳೆದು ಉಳಿದದ್ದರಲ್ಲಿ ಅರ್ಧ ಗಾಡಿಯ ದುಡ್ಡಿಗೆ, ಅರ್ಧ ಓಡಿಸಿದ್ದಕ್ಕೆ. ಗುತ್ಯಪ್ಪ ಬರದ ದಿನ ಬದಲಿ ಡ್ರೈವರಿನ ಸಂಬಳ ಅವನ ಅರ್ಧದಲ್ಲೇ ಮುರಿಯಬೇಕು. ಸೂತ್ರ ಸರಿಯಿದೆಯೇ ಎಂದು ಆಗ ತುಂಬು ತಿಂಗಳು ಹಾಕಿ ನೋಡಿದ್ದಳು, ನಾಲ್ಕಾರು ರಜೆ ಹಾಕಿ ನೋಡಿದ್ದಳು. ಒಂದು ದಿನವೂ ಬರದ ತಿಂಗಳನ್ನು ಹಾಕಿ ನೋಡಬೇಕೆಂದು ಹೊಳೆದೇ ಇರಲಿಲ್ಲ.

ಈ ಸೂತ್ರ ಬೇಕೆಂದು ಹಟ ಹಿಡಿದವನು ಗುತ್ಯಪ್ಪನೇ. ಅವನ ಅಪ್ಪ ಮುಕುಂದಯ್ಯನ ಮನೆಯ ಗೇಣಿದಾರ. ಪ್ರತಿ ಸುಗ್ಗಿಗೂ ಗೌಡರ ಅಂಗಳದಲ್ಲಿ, ಗೌಡರ ಕೊಳಗದಲ್ಲೇ ಭತ್ತ ಅಳೆಯುತ್ತಿದ್ದರಂತೆ. ಮನಸ್ಸು ಚೆನ್ನಾಗಿದ್ದ ವರ್ಷ ಮುಕುಂದಯ್ಯನ ಅಪ್ಪ ದೊಡ್ಡಗೌಡರು ಒಂದೆರಡು ಕೊಳಗ ಬಿಟ್ಟುಕೊಡುತ್ತಿದ್ದರಂತೆ. ಇದನ್ನು ಗುತ್ಯಪ್ಪ ಮುಕುಂದಯ್ಯನ ಎದುರೇ ನಗುತ್ತ ಹೇಳಿ, ಯಾರ ಮನಸ್ಸನ್ನೂ ಕೇಳದ ಲೆಕ್ಕ ಮಾಡಿಕೊಡಿ ಎಂದಿದ್ದ.

ಈಗ ಅವನು ತಲೆ ಬೋಳಿಸಿಕೊಂಡಿದ್ದ. ಹೆಂಡತಿ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಒಂದು ತಿಂಗಳು ಮಲಗಿದ್ದು, ಅಲ್ಲೇ ತೀರಿಕೊಂಡಿದ್ದಳು. ಆ ಖರ್ಚಿಗೆ ಹಾಲು ಕರೆಯುವ ಎಮ್ಮೆಯನ್ನೂ ಮಾರಿಯಾಗಿತ್ತು. ಇತ್ತ ಬದಲಿ ಡ್ರೈವರ್ ಕರೆದಲ್ಲಿ ನಿಲ್ಲಿಸುವವನಲ್ಲ. ಜನ ಬೇರೆ ಗಾಡಿ ಹತ್ತಿದ್ದರು, ಕಲೆಕ್ಷನ್ ಬಿದ್ದಿತ್ತು.

ಸರೋಜ ಮೊತ್ತವನ್ನು ಓದಿ ಹೇಳಿದಳು. ತಪ್ಪು ತನ್ನದೇ, ಇಂಥ ತಿಂಗಳನ್ನು ತಾನು ಯೋಚಿಸಬೇಕಿತ್ತು ಎಂದಳು.

"ನಾನೂ ಯೋಚ್ನೆ ಮಾಡಿರ್ಲಿಲ್ಲ, ಬಿಡಿ ಸರೋಜಮ್ಮ," ಎಂದ ಗುತ್ಯಪ್ಪ.

ಮುಕುಂದಯ್ಯ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಅದನ್ನ ಅಳಿಸಿ ಅರ್ಧರ್ಧ ಹಾಕಮ್ಮ. ಮನೆ ಹೆಂಗಸು ಆಸ್ಪತ್ರೇಲಿದ್ದಾಗ ಯಾವನು ಗಾಡಿ ಓಡಿಸ್ತಾನೆ?"

ಪರದೆಯ ಒಂದೇ ಚೌಕದ ಅಂಕಿ ಬದಲಿಸಿದರೆ ಸಾಕಿತ್ತು. ಸರೋಜಳ ಬೆರಳು ಆಗಲೇ ಕೀಲಿಯ ಮೇಲಿತ್ತು.

"ಬ್ಯಾಡ," ಎಂದ ಗುತ್ಯಪ್ಪ.

"ನಾನೇನು ಧರ್ಮಕ್ಕೆ ಕೊಡ್ತಿದೀನಾ ಮಾರಾಯ? ನಿನ್ನ ಪಾಲು ಅದು."

"ನೀವು ಅಳ್ಸು ಅಂದ್ರೆ ಅಳ್ಸಾದು, ಹಾಕು ಅಂದ್ರೆ ಹಾಕಾದು ಆದ್ರೆ, ಕೊಳಗ ತಿರ್ಗಿ ನಿಮ್ಮ ಕೈಗೇ ಬಂತಲ್ಲ ಗೌಡ್ರೇ."

ಮುಕುಂದಯ್ಯನ ಮುಖ ಕೆಂಪಾಯಿತು. "ನಿನ್ನ ಈ ಹಟ ಕಟ್ಕೊಂಡು ಆ ಪುಣ್ಯಾತ್ಗಿತ್ತಿ ಹ್ಯಾಂಗೆ ಬಾಳಿದ್ಲೋ," ಎಂದವನು, ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಗುತ್ಯಪ್ಪ ಬೋಳುತಲೆಯ ಮೇಲೆ ಕೈಯಾಡಿಸಿಕೊಂಡ. ಆಮೇಲೆ, "ಬೈತಿದ್ಲು," ಎಂದ. "ದಿನಾ ಬೈತಿದ್ಲು."

ಅಡ್ಡಗೆರೆಯ ಮೊತ್ತವನ್ನು ಮುಂದಿನ ತಿಂಗಳುಗಳ ಪಾಲಿನಲ್ಲಿ ಮುರಿದುಕೊಳ್ಳುವುದೆಂದು ಅವನೇ ತೀರ್ಮಾನಿಸಿದ. ಮುಕುಂದಯ್ಯ ಗಾಡಿಯ ಹತ್ತಿರ ಇರುತ್ತೇನೆಂದು ಎದ್ದು ಹೊರಟುಹೋದ. ಮರದ ಮೆಟ್ಟಿಲ ಮೇಲೆ ಅವನ ಹೆಜ್ಜೆ ಒಂದು ಕಡೆ ನಿಂತು, ಮತ್ತೆ ಇಳಿಯಿತು.

ಕಾಗದ ಅಚ್ಚು ಹಾಕಲೇ ಎಂದು ಸರೋಜ ಕೇಳಿದಳು. ಗುತ್ಯಪ್ಪ ಹೂಂ ಎಂದು ತಲೆಯಾಡಿಸಿದ. ಅವಳು ಪ್ರಿಂಟರಿನ ಕಡೆ ತಿರುಗುವಷ್ಟರಲ್ಲಿ ಮೆಲ್ಲಗೆ ಕೇಳಿದ:

"ಆ ಸೊನ್ನೆ ಪಕ್ಕ ಏನಾರ ಬರೀಲಿಕ್ಕೆ ಆಗ್ತದಾ? ಮುಂದೆ ಯಾರಾದ್ರೂ ನೋಡ್ದೋರು, ಇಂವ ಸುಮ್ನೆ ಮನೇಲಿ ಕುಂತಿದ್ದ ಅನ್ಬಾರ್ದು."

ಸೊನ್ನೆಯ ಪಕ್ಕದ ಚೌಕ ಕಿರಿದಾಗಿತ್ತು. ಹೆಚ್ಚು ಅಕ್ಷರ ಹಿಡಿಯುತ್ತಿರಲಿಲ್ಲ. ಕನ್ನಡವಂತೂ ಆ ಯಂತ್ರಕ್ಕೆ ಬರುತ್ತಿರಲಿಲ್ಲ. ಕಾಯಿಲೆ ಎಂದು ಬರೆಯಲೇ, ಆಸ್ಪತ್ರೆ ಎನ್ನಲೇ, ಮರಣ ಎನ್ನಲೇ? ಮೂರನ್ನೂ ಇಂಗ್ಲಿಷಿನಲ್ಲಿ ಒಂದೊಂದಾಗಿ ಹೊಡೆದಳು, ಅಳಿಸಿದಳು. ಯಾವುದೂ ಸರಿ ಕಾಣಲಿಲ್ಲ. ಕೊನೆಗೆ ಅವನ ಹೆಂಡತಿಯ ಹೆಸರನ್ನು ಕೇಳಿಕೊಂಡು ಅದನ್ನೇ ಹೊಡೆದಳು. ಒಂದಕ್ಷರವೂ ತುಂಡಾಗದೆ ಹಿಡಿಸಿತು. ಪರದೆ ಇನ್ನೊಮ್ಮೆ ಅಲುಗಿತು. ಯಾವ ಮೊತ್ತವೂ ಬದಲಾಗಲಿಲ್ಲ.

"ಎಂತ ಬರೆದ್ರಿ?"

"ಕನ್ನಮ್ಮ ಅಂತ."

ಗುತ್ಯಪ್ಪ ಎದ್ದು ಮೇಜು ಬಳಸಿ ಈಚೆ ಬಂದ. ಅವನಿಗೆ ಇಂಗ್ಲಿಷ್ ಅಕ್ಷರ ಗೊತ್ತಿರಲಿಲ್ಲ. ಎಲ್ಲಿ ಎಂದು ಕೇಳಿದ. ಅವಳು ತೋರಿಸಿದಳು. ಗ್ರೀಸಿನ ಕಪ್ಪು ಕೂತ ತೋರುಬೆರಳನ್ನು ಅಂಗಿಗೆ ಒರೆಸಿಕೊಂಡು, ಬಿಸಿ ಇರಬಹುದೇನೋ ಎಂಬಂತೆ ತಡೆತಡೆದು, ಅವನು ಗಾಜಿನ ಮೇಲೆ ಆ ಜಾಗವನ್ನು ಮುಟ್ಟಿದ.