ಅಟ್ಟದ ಮನೆಗೆ ಬಂದ ಡೆನ್ಮಾರ್ಕಿನವರು

ಇಂಗ್ರಿಡ್ ಎಂಬ ಹೆಂಗಸು ನಮ್ಮೂರಿಗೆ ಬಂದದ್ದು ಎಂಬತ್ತೆರಡನೇ ಇಸವಿಯ ಶ್ರಾವಣದಲ್ಲಿ. ನಾನಾಗ ತಿಪಟೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಊರಲ್ಲಿ ತೆಂಗಿನ ಕಾಯಿಪುಡಿ ಮಿಲ್ಲು ನಡೆಸುತ್ತಿದ್ದ ಸದಾಶಿವಯ್ಯನವರು ನಮ್ಮ ತಂದೆಯ ಗೆಳೆಯರು. ಅವರನ್ನು ನಾನು ಮಾವ ಎಂದೇ ಕರೆಯುತ್ತಿದ್ದೆ. ಒಂದು ಬೆಳಿಗ್ಗೆ ಅವರು ಗರಿಗರಿ ಜುಬ್ಬ ತೊಟ್ಟು ನಮ್ಮ ಮನೆಗೆ ಬಂದರು.

"ಗಿರಿಜಾ, ಡೆನ್ಮಾರ್ಕ್ ಅನ್ನೋ ದೇಶದಿಂದ ಒಬ್ರು ಹೆಣ್ಮಗಳು ಬತ್ತಾವ್ರೆ ಕಣಮ್ಮ. ನಮ್ಮ ಕಾಯಿಪುಡಿ ತಗೊಳೋ ಬಿಸ್ಕತ್ ಕಂಪ್ನಿಯೋರು. ನನ್ನ ಇಂಗ್ಲೀಷು ಯೆಸ್ಸು, ಥ್ಯಾಂಕ್ಯೂಗೇ ಮುಗ್ದೋಯ್ತದೆ. ನೀನು ಜೊತೇಲಿರ್ಬೇಕು" ಅಂದರು.

ವಿಷಯ ಇಷ್ಟು. ಆ ಕಂಪನಿ ತನ್ನ ಬಿಸ್ಕತ್ತು ಮಾರುವವರನ್ನೆಲ್ಲ ಆಗಾಗ ಒಂದೆಡೆ ಸೇರಿಸಿ ದೊಡ್ಡ ಸಭೆ ನಡೆಸುತ್ತಿತ್ತು. ಅದನ್ನು ತಮ್ಮ ದೇಶದಲ್ಲಿ ನಡೆಸದೆ, ಎಲ್ಲಿಂದ ಸಾಮಾನು ಕೊಳ್ಳುತ್ತಾರೋ ಆ ದೇಶದಲ್ಲಿ ನಡೆಸುವುದು ಅವರ ಪದ್ಧತಿ. ಹಿಂದಿನ ಸಲ ಸಿಂಹಳದಲ್ಲಿ ಆಗಿತ್ತು. ಈ ಸಲ ಸಂಕ್ರಾಂತಿ ಕಳೆದ ಮೇಲೆ ನಮ್ಮಲ್ಲಿ. ಮುಂಚಿತವಾಗಿ ಬಂದು ಜಾಗ ಆರಿಸುವುದೇ ಇಂಗ್ರಿಡ್ ಅವರ ಕೆಲಸ. ಒಂದು ಸಭೆಗೆ ಜಾಗ ಹುಡುಕಲು ಒಬ್ಬರು ಸಮುದ್ರ ದಾಟಿ ಬರುತ್ತಾರೆ ಎಂದರೆ ನಮಗೆಲ್ಲ ನಗು. ನಮ್ಮಲ್ಲಿ ಮದುವೆ ಗೊತ್ತಾದ ಮೇಲೆ ಛತ್ರ ನೋಡುತ್ತಾರೆ, ಖಾಲಿ ಇದ್ದದ್ದು ಸಿಕ್ಕರೆ ಆಯಿತು.

ಇಂಗ್ರಿಡ್‌ಗೆ ಅರವತ್ತರ ಆಸುಪಾಸು. ಎತ್ತರದ ಆಳು, ಬಿಸಿಲಿಗೆ ಕೆಂಪಾದ ಮೂಗು, ಕಾಲಿಗೆ ಗಂಡಸರ ಬೂಟು. ಸದಾಶಿವಯ್ಯನವರು ಅವರನ್ನು ಮೊದಲು ಕರೆದುಕೊಂಡು ಹೋದದ್ದು ತಮ್ಮ ಕಲ್ಯಾಣ ಮಂಟಪಕ್ಕೆ. ತಾಯಿ ಗುರುಸಿದ್ದಮ್ಮನ ಹೆಸರಿನಲ್ಲಿ ಅವರು ಕಟ್ಟಿಸಿದ್ದ ಮಂಟಪ ಅದು. ಮೊಸಾಯಿಕ್ ನೆಲ, ಸಾಲು ಟ್ಯೂಬ್‌ಲೈಟು, ವೇದಿಕೆಯ ಹಿಂದೆ ಸಿಮೆಂಟಿನಲ್ಲಿ ಮಾಡಿದ ನವಿಲು. ತಮ್ಮ ಮದುವೆ ದನದ ಕೊಟ್ಟಿಗೆಯ ಮುಂದೆ ಗರಿ ಚಪ್ಪರದಲ್ಲಿ ಆಗಿ, ಮಳೆ ಬಂದು ಧಾರೆಯ ಹೊತ್ತಿಗೆ ಬೀಗರು ದಿಕ್ಕಾಪಾಲಾಗಿದ್ದನ್ನು ಅವರು ಮರೆತಿರಲಿಲ್ಲ. ಇನ್ನು ಈ ಊರಿನ ಯಾವ ಹುಡುಗಿಯೂ ಮಳೆಯಲ್ಲಿ ನೆಂದು ಮದುವೆಯಾಗಬಾರದು ಎಂದು ಕಟ್ಟಿಸಿದ್ದರು. ಅವರೇ ಸ್ವಿಚ್ಚು ಒತ್ತಿ ದೀಪಗಳನ್ನೆಲ್ಲ ಹೊತ್ತಿಸಿ ಇಂಗ್ರಿಡ್ ಮುಖ ನೋಡಿದರು.

ಇಂಗ್ರಿಡ್ ಸುತ್ತ ನೋಡಿ, "ಬಹಳ ಚೊಕ್ಕಟವಾಗಿದೆ. ಆದರೆ ಇಂಥ ಹಾಲ್‌ಗಳು ನಮ್ಮ ದೇಶದಲ್ಲೂ ಇವೆ" ಅಂದರು.

ನಾನು ಅನುವಾದಿಸಿದೆ. ಸದಾಶಿವಯ್ಯನವರು ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದರು.

ಆಮೇಲೆ ಪ್ರವಾಸಿ ಮಂದಿರ ನೋಡಿದ್ದಾಯಿತು. ಅರಳಗುಪ್ಪೆಯ ಹಳೆಯ ಗುಡಿಗೆ ಹೋದೆವು. ಅಲ್ಲಿನ ಕೆತ್ತನೆಯ ಮುಂದೆ ಇಂಗ್ರಿಡ್ ಬಹಳ ಹೊತ್ತು ನಿಂತರು. "ಇದು ದೇವರ ಜಾಗ. ಇಲ್ಲಿ ಬಿಸ್ಕತ್ತಿನ ಮಾತು ಆಡುವುದು ಸರಿಯಲ್ಲ" ಅಂದರು. ಮಧ್ಯಾಹ್ನವಾಗಿತ್ತು. ನೊಣವಿನಕೆರೆಯಲ್ಲಿ ನನ್ನ ದೊಡ್ಡಮ್ಮ ದ್ರಾಕ್ಷಾಯಣಮ್ಮನ ತೋಟದ ಮನೆ ಇತ್ತು. ಇಬ್ಬರನ್ನೂ ಊಟಕ್ಕೆ ಅಲ್ಲಿಗೆ ಕರೆದೊಯ್ದೆ.

ದೊಡ್ಡಮ್ಮ ಒತ್ತು ಶಾವಿಗೆ, ಕಾಯಿಹಾಲು ಮಾಡಿದ್ದಳು. ಇಂಗ್ರಿಡ್ ನೆಲದ ಮೇಲೆ ಕಾಲು ಮಡಿಸಲಾರದೆ ಒಂದು ಕಡೆಗೆ ವಾಲಿಕೊಂಡೇ ಎರಡು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಕೈ ತೊಳೆಯಲು ಹಿಂದಿನ ಹಜಾರಕ್ಕೆ ಬಂದವರು ಅಲ್ಲೇ ನಿಂತುಬಿಟ್ಟರು.

ನಮ್ಮ ಕಡೆಯ ಹಳೇ ಮನೆಗಳಲ್ಲಿ ಕೆಳಗೆ ಹಜಾರ, ಮೇಲೆ ಅಟ್ಟ. ತೋಟದಿಂದ ಬಂದ ಬಲಿತ ಕಾಯಿಗಳನ್ನು ಆ ಅಟ್ಟದ ಮೇಲೆ ಹರವಿ ಬಿಡುತ್ತಾರೆ. ಹೆಚ್ಚುಕಡಿಮೆ ವರ್ಷದ ಮಾತು. ನಿಧಾನವಾಗಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕೊಬ್ಬರಿಯಾಗುತ್ತದೆ. ದೊಡ್ಡಮ್ಮನ ಹಜಾರದ ಕಂಬಗಳು ಒಲೆಯ ಹೊಗೆಗೆ ಕರ್ರಗಾಗಿ, ಒರಗಿದವರ ಬೆನ್ನು ತಾಗಿ ತಾಗಿ ಮಿರುಗುತ್ತಿದ್ದವು. ಅಟ್ಟಕ್ಕೆ ಹಾಸಿದ ಅಡಿಕೆ ಮರದ ದಬ್ಬೆಗಳ ಸಂದಿನಿಂದ ಬಿಸಿಲು ಗೆರೆಗೆರೆಯಾಗಿ ಬಿದ್ದಿತ್ತು. ಜೊತೆಗೆ ಆ ವಾಸನೆ. ಒಣಗುತ್ತಿರುವ ಕಾಯಿಯ, ಹೊಗೆಯ, ಸಗಣಿ ಸಾರಿಸಿದ ನೆಲದ ವಾಸನೆ. ರಜಕ್ಕೆ ಬಂದಾಗಲೆಲ್ಲ ನಾನು ಮಲಗಿದ್ದು ಅದರಲ್ಲೇ. ಅದಕ್ಕೆ ಒಂದು ಬೆಲೆ ಇದೆ ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ.

"ಇಲ್ಲಿ" ಅಂದರು ಇಂಗ್ರಿಡ್. "ನನ್ನ ಜನ ಇಲ್ಲಿ ಕುಳಿತುಕೊಳ್ಳಬೇಕು. ಹೋಟೆಲಿನಲ್ಲಿ ಕೂರಿಸಿದರೆ ಯಾವ ದೇಶದಲ್ಲಿದ್ದೇವೆ ಎನ್ನುವುದೇ ಅವರಿಗೆ ಮರೆತುಹೋಗುತ್ತದೆ."

ನಾನು ಕನ್ನಡದಲ್ಲಿ ಹೇಳಿದ್ದೇ ದೊಡ್ಡಮ್ಮ ಗಾಬರಿಯಾದಳು. "ಅಯ್ಯೋ ಸಿವನೇ! ಕಾಯಿ ಹಾಕೋ ಮನೇಲಿ ನೆಂಟ್ರನ್ನ ಕೂರ್ಸ್ತಾರೇನೇ? ಸದಾಶಿವಣ್ಣಾರ ಮಂಟಪ ಇಲ್ವಾ?"

"ಅದು ಅವರ್ಗೆ ಹಿಡಿಸ್ಲಿಲ್ಲ ಬುಡಮ್ಮ" ಎಂದು ಸದಾಶಿವಯ್ಯನವರು ಎದ್ದು ಕಾರಿನ ಕಡೆಗೆ ನಡೆದರು.

ದೊಡ್ಡಮ್ಮನನ್ನು ಹೇಗೋ ಒಪ್ಪಿಸಿದ್ದಾಯಿತು. ಜನವರಿಯ ಕೊನೆಗೆ ಇಂಗ್ರಿಡ್ ಮತ್ತೆ ಬಂದರು. ಉಳಿದವರು ಮಾರನೆಯ ದಿನ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವವರಿದ್ದರು. ಕಾಲೇಜಿನ ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ನೊಣವಿನಕೆರೆಗೆ ಹೋಗಿ ವಾರಗಳೇ ಆಗಿದ್ದವು. ಇಬ್ಬರೂ ಒಟ್ಟಿಗೆ ಹಜಾರಕ್ಕೆ ಕಾಲಿಟ್ಟೆವು.

ಕಂಬಗಳಿಗೆಲ್ಲ ಹಸಿರು ಪೇಂಟು! ಗೋಡೆಗೆ ನೀಲಿ ಬೆರೆತ ಸುಣ್ಣ. ನೆಲಕ್ಕೆ ಹೂವಿನ ಪ್ಲಾಸ್ಟಿಕ್ ಹಾಸು. ಮೇಲೆ ಅಟ್ಟದ ಒಂದು ದಬ್ಬೆಯೂ ಕಾಣದಂತೆ ಗುಲಾಬಿ ಬಣ್ಣದ ಶಾಮಿಯಾನ ಬಟ್ಟೆ ಬಿಗಿದು, ಅದಕ್ಕೆ ಬಣ್ಣದ ಕಾಗದದ ಸರ. ಬಾಗಿಲಲ್ಲಿ ದೊಡ್ಡಮ್ಮ ಹಬ್ಬಕ್ಕೆ ಉಡುವ ಮಗುಟದ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಅವಳ ಪಕ್ಕದಲ್ಲಿ ತೋಟದ ಕೆಲಸದ ಹುಚ್ಚರಂಗಯ್ಯ. ಅವನ ಮೊಣಕೈವರೆಗೂ ಹಸಿರು ಬಣ್ಣ.

"ಹೆಂಗೈತೆ ಗಿರಿಜಾ? ಹುಚ್ಚರಂಗ ಒಬ್ನೇ ಬಳ್ದ ಕಣೇ. ದೂರದಿಂದ ಬರೋರ್ಗೆ ಮಸಿ ತೋರ್ಸಾಕಾಯ್ತದಾ?"

ನಾನು ಇಂಗ್ರಿಡ್ ಕಡೆ ತಿರುಗಿ ಮೆಲ್ಲಗೆ, "ಕ್ಷಮಿಸಿ. ಬಟ್ಟೆಯನ್ನಾದರೂ ತೆಗೆಸಲೇ?" ಎಂದೆ.

ಅವರು ಹಸಿರು ಕಂಬವನ್ನು ಮುಟ್ಟಿ ನೋಡಿದರು. ಬೆರಳಿಗೆ ಅಂಟಿತು. ಪೇಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. "ಬೇಡ" ಅಂದರು. "ನಮ್ಮ ಹಳ್ಳಿಗೆ ಪಾದ್ರಿ ಬರುತ್ತಾರೆ ಎಂದರೆ ನನ್ನಜ್ಜಿ ಹಂದಿಗೂಡಿಗೂ ಸುಣ್ಣ ಬಳಿಯುತ್ತಿದ್ದಳು. ತೆಗೆಯಲು ನಾನು ಯಾರು?" ಆಮೇಲೆ ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲೇ ಏನೋ ಹೇಳಿದರು. ಅದು ನನಗೂ ಅರ್ಥವಾಗಲಿಲ್ಲ. ದೊಡ್ಡಮ್ಮ ಮಾತ್ರ "ಇರ್ಲಿ ಬುಡಿ, ಇರ್ಲಿ ಬುಡಿ" ಎನ್ನುತ್ತಿದ್ದಳು.

ಮಾರನೆಯ ದಿನ ಬಸ್ಸು ಬಂತು. ನಲವತ್ತು ಮಂದಿ ಇದ್ದಿರಬಹುದು. ಊರಿಗೆ ಊರೇ ಕೆರೆ ಏರಿಯ ಮೇಲೆ ನಿಂತು ನೋಡಿತು. ಹಜಾರದಲ್ಲಿ ಕುರ್ಚಿ ಹಾಕಿ ಸಭೆ ಶುರುವಾಯಿತು. ಶಾಮಿಯಾನ ಬಟ್ಟೆ ಗಾಳಿಯನ್ನೆಲ್ಲ ತಡೆದು ಒಳಗೆ ಬೇಗೆ. ಬಂದವರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ ಕುಳಿತಿದ್ದರು. ಕಂಪನಿಯ ಯಜಮಾನ, ದಪ್ಪ ಮೀಸೆಯ ಮನುಷ್ಯ, ಎದ್ದು ನಿಂತು ಮಾತಾಡುತ್ತಿದ್ದಾಗ ಮೇಲೆ ಗುಡುಗುಡು ಎಂದು ಏನೋ ಉರುಳಿತು. ಇಲಿಯೋ ಅಳಿಲೋ ಓಡಿರಬೇಕು. ಅವರು ಮಾತು ನಿಲ್ಲಿಸಿ ತಲೆ ಎತ್ತಿದರು. ಕಾಣಿಸಿದ್ದು ಕಾಗದದ ಸರ.

"ಮೇಲೆ ಏನಿದೆ?" ಎಂದು ಕೇಳಿದರು.

ಅವರು ಕೇಳಿದ್ದನ್ನು ನಾನು ದೊಡ್ಡಮ್ಮನಿಗೆ ಹೇಳಿದೆ. ಬಾಗಿಲ ಹಿಂದೆ ನಿಂತಿದ್ದ ಅವಳು ಸೆರಗು ಹೊದ್ದು ಮುಂದೆ ಬಂದಳು. "ಕಾಯಿ ಸ್ವಾಮಿ. ಹೋದ ವರ್ಸದ್ದು. ಒಳ್ಗೆ ಕೊಬ್ರಿ ಒಣಗಿ ಗಿಟಕು ಆಗೈತೆ, ಅದ್ಕೇ ಸದ್ದು."

ಅನುವಾದ ಕೇಳಿದ ಮೇಲೆ ಯಜಮಾನ ಇನ್ನೊಂದು ಪ್ರಶ್ನೆ ಕೇಳಿದರು: "ಹೋದ ವರ್ಷದ್ದೇ? ಒಂದು ವರ್ಷ ಅದು ಅಲ್ಲೇ ಇರುತ್ತದೆಯೇ? ನೀವು ಏನು ಮಾಡುತ್ತೀರಿ ಅಷ್ಟು ದಿನ?"

"ನಾವೇನ್ ಮಾಡಾನ? ಕೆಳ್ಗೆ ಬದುಕ್ತಿರ್ತೀವಿ" ಅಂದಳು ದೊಡ್ಡಮ್ಮ. "ಅಡಿಗೆ ಮಾಡ್ತೀವಿ, ಮಲಗ್ತೀವಿ, ಮಕ್ಳು ಹುಟ್ತವೆ, ದೊಡ್ಡೋರು ಹೋಗ್ತಾರೆ. ಅದ್ರ ಪಾಡಿಗೆ ಅದು ಆಯ್ತದೆ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ದೊಡ್ಡಪ್ಪ ತೀರಿಹೋಗಿದ್ದು ಆ ಹಜಾರದಲ್ಲೇ. ಯಜಮಾನ, "ನೋಡಬಹುದೇ?" ಎಂದು ಕೇಳಿದರು.

ದೊಡ್ಡಮ್ಮ ಒಂದು ಗಳಿಗೆ ತಾನು ಕಟ್ಟಿಸಿದ ಬಟ್ಟೆಯನ್ನೇ ನೋಡಿದಳು. ಮನಸ್ಸು ಒಪ್ಪಲಿಲ್ಲ ಎಂದು ಮುಖದಲ್ಲೇ ತಿಳಿಯುತ್ತಿತ್ತು. ಆಮೇಲೆ ಕೂಗಿ ಹೇಳಿದಳು: "ಬಿಚ್ಚೋ ಹುಚ್ಚರಂಗ, ನೋಡ್ಲಿ!"

ಹುಚ್ಚರಂಗಯ್ಯ ಒಂದು ಮೂಲೆಯ ಹಗ್ಗ ಬಿಚ್ಚಿದ್ದೇ ತಡ, ಬಟ್ಟೆ ಪೂರ್ತಿ ಜಾರಿ ಬಿತ್ತು. ಅದರ ಮೇಲೆ ಉದುರಿ ಕೂತಿದ್ದ ಮಸಿ, ನಾರು, ಜೇಡರ ಬಲೆ ಎಲ್ಲ ಯಜಮಾನರ ಬಿಳಿ ಅಂಗಿಯ ಮೇಲೆ, ಮೀಸೆಯ ಮೇಲೆ ಸುರಿಯಿತು. ದೊಡ್ಡಮ್ಮ "ಹೋಯ್ತು ಮಾನ!" ಎಂದು ತಲೆಯ ಮೇಲೆ ಕೈಹೊತ್ತಳು. ಯಜಮಾನ ಒಂದು ಸೀನು ಸೀನಿದರು. ನಕ್ಕರು. ಎಲ್ಲರೂ ನಕ್ಕರು. ಗಾಳಿ ಬಂತು, ಗೆರೆಗೆರೆ ಬಿಸಿಲು ಬಂತು. ಒಬ್ಬೊಬ್ಬರಾಗಿ ಏಣಿ ಹತ್ತಿ, ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು. ಆವತ್ತು ಬಿಸ್ಕತ್ತಿನ ಮಾತು ಎಷ್ಟು ನಡೆಯಿತೋ ಕಾಣೆ.

ಸದಾಶಿವಯ್ಯನವರು ಮಾತ್ರ ಬಂದಿರಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದ್ದರು. ಸಂಜೆ ಇಂಗ್ರಿಡ್, "ನಾಳೆ ನಮಗೆ ಕಾಯಿ ಕೊಡುವ ತೋಟದವರಿಗೆಲ್ಲ ಊಟ ಹಾಕಬೇಕು ಎಂದು ಯಜಮಾನರಿಗೆ ಆಸೆ. ಅವರನ್ನು ಎಲ್ಲಿ ಕೂರಿಸುವುದು?" ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ, "ಬನ್ನಿ, ಸದಾಶಿವಯ್ಯನವರ ಮನೆಗೆ ಹೋಗೋಣ" ಅಂದರು.

ಸದಾಶಿವಯ್ಯನವರು ಜಗಲಿಯ ಮೇಲೆ ಕುಳಿತಿದ್ದರು. ಮೈ ಚೆನ್ನಾಗಿಯೇ ಇತ್ತು. ಇಂಗ್ರಿಡ್ ಮಂಟಪ ಕೇಳಿದರು. ಅವರು ನನ್ನನ್ನು ನೋಡಿ ಅಂದರು: "ಅಂಥದ್ದು ಅವ್ರ ದೇಶ್ದಲ್ಲೂ ಅವೆ ಅಂದ್ರಲ್ಲಮ್ಮ ಆವತ್ತು. ಈಗ್ಯಾಕಂತೆ?"

ಹೇಗೆ ಹೇಳುವುದು ಎಂದು ಅಳುಕಿದೆ. ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಇಂಗ್ರಿಡ್ ಮುಖ ಇನ್ನೂ ಕೆಂಪಾಯಿತು. "ಆವತ್ತು ನಾನು ನನ್ನ ಜನಕ್ಕೆ ಜಾಗ ಹುಡುಕುತ್ತಿದ್ದೆ. ಆ ಮಂಟಪ ನಿಮಗೆ ಏನು ಎಂದು ಕೇಳಲೇ ಇಲ್ಲ. ನಾಳೆ ಬರುವವರು ನಿಮ್ಮ ಜನ. ಅವರನ್ನು ಕಾಯಿಮನೆಯಲ್ಲಿ ಕೂರಿಸಿದರೆ ಅವರಿಗೆ ಸಂತೋಷವಾಗುತ್ತದೆಯೇ?"

"ಎಲ್ಲಾದ್ರೂ ಉಂಟಾ! ದಿನಾ ಅದ್ರಲ್ಲೇ ಇರ್ತಾರೆ" ಎಂದು ಸದಾಶಿವಯ್ಯನವರು ಎದ್ದೇ ನಿಂತರು. "ನಮ್ಮೋರ್ಗೆ ಮಂಟಪಾನೇ ಸರಿ ಕಣಮ್ಮ." ಒಳಗೆ ತಿರುಗಿ ಹೆಂಡತಿಯನ್ನು ಕರೆದರು: "ಸರ್ವಮಂಗಳಾ, ಅಡಿಗೆ ಭಟ್ರಿಗೆ ಹೇಳಿ ಕಳ್ಸು. ಅವರೆಕಾಳು ಹುಳಿ, ಕಾಯಿ ಹೋಳಿಗೆ. ಏನೂ ಕಮ್ಮಿ ಆಗ್ಬಾರ್ದು!"

ತುರುವೇಕೆರೆ, ಶೆಟ್ಟಿಕೆರೆ ಕಡೆಯಿಂದಲೂ ಜನ ಬಂದರು. ಒಗೆದ ಪಂಚೆ ಉಟ್ಟು, ಹೆಂಗಸರು ಹೂ ಮುಡಿದು, ಮದುವೆಗೆ ಬರುವ ಹಾಗೇ ಬಂದರು. ಸಾಲು ಸಾಲಾಗಿ ಎಲೆ ಹಾಕಿಯಾಯಿತು. ಬಡಿಸಿದವರು ಬಿಸ್ಕತ್ತು ಕಂಪನಿಯವರು. ಟೊಂಕಕ್ಕೆ ಟವೆಲು ಬಿಗಿದುಕೊಂಡು, ಉಪ್ಪಿನಿಂದ ಶುರುಮಾಡಿ, ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ಬಡಿಸಿದರು. ಶೆಟ್ಟಿಕೆರೆಯ ನಂಜುಂಡಪ್ಪನ ಎಲೆಗೆ ಮೀಸೆಯ ಯಜಮಾನರೇ ತುಪ್ಪ ಹಾಕಲು ಬಂದರು. ನಂಜುಂಡಪ್ಪ "ಸಾಕು, ಸಾಕು" ಎಂದ. ಅದನ್ನು ಅವರು 'ಇನ್ನೂ ಹಾಕಿ' ಎಂದು ತಿಳಿದರೇನೋ, ಸುರಿದೇ ಸುರಿದರು. ತುಪ್ಪ ಎಲೆಯಿಂದ ಇಳಿದು ಮೊಸಾಯಿಕ್ ನೆಲದ ಮೇಲೆ ಹರಿಯಿತು. ಇಡೀ ಪಂಕ್ತಿ ಎಲೆ ಬಿಟ್ಟು ನಕ್ಕಿತು. ಸಿಮೆಂಟು ನವಿಲಿನ ಪಕ್ಕ ನಿಂತಿದ್ದ ಸದಾಶಿವಯ್ಯನವರು ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗುವಿಗೋ ಏನೋ.

ಆ ಕಂಪನಿ ಕೆಲವು ವರ್ಷ ನಮ್ಮ ಪುಡಿ ಕೊಂಡಿತು. ಆಮೇಲೆ ಆ ಕಂಪನಿಯನ್ನೇ ಬೇರೆ ಯಾರೋ ಕೊಂಡರಂತೆ, ವ್ಯವಹಾರ ನಿಂತಿತು. ಇಂಗ್ರಿಡ್ ಮತ್ತೆ ಬರಲಿಲ್ಲ. ದೊಡ್ಡಮ್ಮ ಈಗಿಲ್ಲ. ಅವಳ ಸೊಸೆ ಆ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿ ಸುಖವಾಗಿದ್ದಾಳೆ. ನಾನೂ ಪಾಠ ಹೇಳುವುದು ನಿಲ್ಲಿಸಿ ಬಹಳ ಕಾಲವಾಯಿತು. ಆ ಎರಡು ದಿನಗಳನ್ನು ನೆನೆದರೆ ಇವತ್ತಿಗೂ ಮನಸ್ಸು ಬೆಚ್ಚಗಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಾಗುವುದು ಮಂಟಪದ ಊಟದ ಆ ಮಧ್ಯಾಹ್ನದ ಕೊನೆ. ಜನ ಎಲ್ಲ ಎಲೆ ಅಡಿಕೆ ತೆಗೆದುಕೊಂಡು ಬಸ್ಸಿಗೆ ಹೋಗಿದ್ದರು. ಇಂಗ್ರಿಡ್ ಕಡೆಯ ಪಂಕ್ತಿಯಲ್ಲಿ ಅಡಿಗೆಯವರ ಜೊತೆ ಊಟ ಮಾಡಿ, ಗೋಡೆಗೆ ಒರಗಿ, ಬೂಟು ಕಳಚಿ ಪಕ್ಕಕ್ಕಿಟ್ಟು ಹಾಗೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಪಾತ್ರೆ ತೊಳೆಯುವವರು ಹಿತ್ತಲಲ್ಲಿ ಹಂಡೆ ಎಳೆದ ಸದ್ದಾಯಿತು. ಸದಾಶಿವಯ್ಯನವರು ಬರಿಗಾಲಲ್ಲಿ ಓಡಿಹೋಗಿ ಕೈಬೀಸಿ ತಡೆದರು.

"ಮೆಲ್ಲಕ್ರೋ! ಆಯಮ್ಮ ಮಲಗವ್ರೆ" ಎಂದು ಪಿಸುಗುಟ್ಟಿದರು. ತಿರುಗಿ ಬಂದು ಅವರ ತಲೆಯ ಮೇಲಿನ ಫ್ಯಾನನ್ನು ಒಂದು ಸುತ್ತು ಜೋರು ಮಾಡಿ, ನನ್ನ ಪಕ್ಕ ಕುಳಿತರು.