ಕುದುರೆಯ ಕೊರಳಲ್ಲಿದ್ದ ಡಬ್ಬಿ

ನಾಲ್ಕು ದಿನ ಬಿಡದೆ ಸುರಿದ ಹಿಮ ಐದನೆಯ ಬೆಳಿಗ್ಗೆ ನಿಂತಿತು. ತಿಯಾನ್‌ಶಾನ್ ಬೆಟ್ಟಗಳ ಮಡಿಲಿನ ಅಕ್‌ಜಾರ್ ಹಳ್ಳಿಯ ಮೇಲೆ ತೊಳೆದು ಕವುಚಿಟ್ಟ ಬಟ್ಟಲಿನಂಥ ನೀಲಿ ಆಕಾಶ. ಆದರೆ ಕನಿಶಾಯ್‌ಳ ಕೊಟ್ಟಿಗೆಯಲ್ಲಿ ಮೇವು ಮುಗಿದಿತ್ತು. ಮೂರು ಹಸುಗಳು ಬರಿಯ ಗೋದಲಿ ನೆಕ್ಕುತ್ತಿದ್ದವು. ಒಂದಕ್ಕೆ ತುಂಬು ಗಬ್ಬ. ಬೇಸಿಗೆಯಲ್ಲಿ ಕೊಯ್ದ ಹುಲ್ಲಿನ ಬಣವೆ ಇದ್ದದ್ದು ಕಣಿವೆಯ ಮೇಲಿನ ಹುಲ್ಲುಗಾವಲಿನಲ್ಲಿ. ಅಲ್ಲಿಗೆ ಹೋಗುವ ದಾರಿ ಕಡಿದಾದ ಬಿಳಿ ಇಳಿಜಾರಿನ ಬುಡದಲ್ಲೇ ಹಾಯುತ್ತಿತ್ತು.

ಗಂಡ ಶಾಬ್ದಾನ್ ಬೂದು ಕುದುರೆಗೆ ಜಾರುಬಂಡಿ ಕಟ್ಟುತ್ತಿದ್ದ.

"ಇವತ್ತೇ ಹೋಗ್ಬೇಕಾ?" ಎಂದಳು ಕನಿಶಾಯ್. "ಅಜ್ಜಿ ಏನಂತಿದ್ಲು? ಹೊಸ ಹಿಮ ಹೊಸ ಸೊಸೆ ಇದ್ದಂಗೆ. ಮೂರು ದಿನ ಪರದೆ ಹಿಂದೆ ಕೂತಿರ್ಲಿ, ಸರಿಸಿ ನೋಡ್ಬೇಡಿ ಅಂತ."

"ನಿನ್ನನ್ನ ನಾನು ಮೊದಲ್ನೇ ದಿನಾನೇ ಇಣುಕಿ ನೋಡಿದ್ದೆ. ಏನಾಯ್ತು ನಂಗೆ?"

"ಆಗಿದ್ದು ಇನ್ನೂ ಗೊತ್ತಾಗಿಲ್ವಾ?"

ಶಾಬ್ದಾನ್ ನಕ್ಕು ಜೇಬಿನಿಂದ ಅಂಗೈಯಗಲದ ಡಬ್ಬಿಯೊಂದನ್ನು ತೆಗೆದ. "ಹೆದರ್ಬೇಡ, ಇದಿದೆಯಲ್ಲ."

ಅದು ಹಿಮದಡಿ ಹೂತುಹೋದವರು ಎಲ್ಲಿದ್ದಾರೆಂದು ಸಂಕೇತ ಕಳಿಸುವ ಡಬ್ಬಿ. ಬೆಟ್ಟದ ಗೆಳೆಯರ ಕೂಟದವರು ಚಳಿಗಾಲದ ಮೊದಲಲ್ಲಿ ಮನೆಗೊಂದು ಹಂಚಿದ್ದರು. ಕಟ್ಟಿಕೊಳ್ಳುವುದನ್ನು ಕಲಿಸಿದ ದಿನ ಶಾಬ್ದಾನ್ ಸಂತೆಗೆ ಹೋಗಿದ್ದ. ಈಗ ಅವನು ಅದನ್ನು ಕುದುರೆಯ ಕೊರಳಿಗೆ, ದೃಷ್ಟಿಯಾಗದಿರಲೆಂದು ಕಟ್ಟಿದ್ದ ತ್ರಿಕೋನದ ತಾಯಿತದ ಪಕ್ಕಕ್ಕೆ, ತೂಗುಹಾಕಿದ. ಕಾಯುವ ವಸ್ತು ಯಾವುದೇ ಇರಲಿ, ಮೊದಲು ಕುದುರೆಗೆ. ಅಕ್‌ಜಾರ್‌ನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಆಗಲೇ ಕೂಟದ ಪೆರಿಜಾತ್ ಹೆಗಲ ಮೇಲೆ ಸಲಿಕೆ ಹೊತ್ತು ಗೇಟಿನ ಬಳಿ ಬಂದಳು. ಕುದುರೆಯ ಕೊರಳು ನೋಡಿದ್ದೇ ನಿಂತುಬಿಟ್ಟಳು.

"ತೆಗಿ ಅದನ್ನ!"

"ಬಾರಮ್ಮ, ಮೇಷ್ಟ್ರಮ್ಮ! ನಮಗೆ ಪಾಠ ಹೇಳಿ ಮುಗೀತು, ಇನ್ನು ಕುದುರೆಗಾ?"

"ಅಣ್ಣ, ನಿನ್ ದಮ್ಮಯ್ಯ. ತೆಗಿ."

"ನಮ್ಮಪ್ಪ ನಲವತ್ತು ವರ್ಷ ಇದೇ ದಾರೀಲಿ ಹುಲ್ಲು ತಂದ. ಅವನ ಹತ್ರ ಯಾವ ಡಬ್ಬಿ ಇತ್ತು?"

ಪೆರಿಜಾತ್ ಕೈಗವಸು ಕಳಚಿ ಕುದುರೆಯ ಕೊರಳ ಮೇಲೆ ಬರಿಗೈ ಇಟ್ಟಳು. ಅದು ಅವಳ ಅಣ್ಣ ಉಲಾನ್‌ನ ಕುದುರೆ. ಎರಡು ಚಳಿಗಾಲದ ಹಿಂದೆ ಉಲಾನ್ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಮೇಲೆ, ಇದನ್ನು ಕಣ್ಣೆದುರು ನೋಡಲಾರೆನೆಂದು ಅವರ ತಾಯಿ ಈ ಮನೆಗೆ ಕೊಟ್ಟಿದ್ದಳು. ಅದಕ್ಕಿಂತ ಹೆಚ್ಚಿನದನ್ನು ಹುಡುಕಲು ಹೋದವರು ಊರಲ್ಲಿ ಯಾರಿಗೂ ಹೇಳಿರಲಿಲ್ಲ.

"ಉಲಾನ್‌ಗೆ ಡಬ್ಬಿ ತಂದ್ಕೊಟ್ಟೋಳು ನಾನೇ," ಎಂದಳು ಪೆರಿಜಾತ್. "ಅವನೂ ಹಿಂಗೇ ಇದರ ಕೊರಳಿಗೆ ಕಟ್ದ. 'ನಾನು ಹೋದ್ರೆ ಅಳೋಕೆ ನೀವಿದೀರಿ, ಕುದುರೆ ಹೋದ್ರೆ ಮನೇನೇ ಹೋಯ್ತು' ಅಂದ. ನಾನು ನಕ್ಕುಬಿಟ್ಟೆ. ತೆಗಿ ಅನ್ಲಿಲ್ಲ."

ಶಾಬ್ದಾನ್‌ನ ಕೈ ಹಗ್ಗದ ಮೇಲೇ ನಿಂತಿತು.

"ಹಿಮ ಜಾರ್ತು. ಆರು ಜನ ಓಡಿದ್ವಿ. ಸಂಕೇತ ಸಿಕ್ತು, ಎದ್ದೂಬಿದ್ದೂ ಅಗೆದ್ವಿ. ಇದು ಸಿಕ್ತು. ಉಸಿರಾಡ್ತಿತ್ತು. ಉಲಾನ್ ಇಪ್ಪತ್ತು ಹೆಜ್ಜೆ ಆಚೆಗಿದ್ದ. ಕೋಲು ಚುಚ್ಚಿ ಚುಚ್ಚಿ ಹುಡುಕೋ ಹೊತ್ತಿಗೆ ಎರಡು ಗಂಟೆ ಕಳೆದೋಗಿತ್ತು. ಹಿಮದೊಳಗೆ ಸಿಕ್ದೋರಿಗೆ ಇರೋದು ಹೆಚ್ಚೂಕಮ್ಮಿ ಕಾಲು ಗಂಟೆ, ಅಣ್ಣ. ಆ ಕಾಲು ಗಂಟೇನ ನಾವು ಕುದುರೆಗೆ ಕೊಟ್ವಿ."

ಕನಿಶಾಯ್ ತಾನೇ ಮುಂದೆ ಬಂದು ಕುದುರೆಯ ಕೊರಳಿನಿಂದ ಡಬ್ಬಿ ಬಿಚ್ಚಿದಳು. ತಾಯಿತವನ್ನು ಅಲ್ಲೇ ಬಿಟ್ಟಳು. ಗಂಡನ ಕೋಟಿನ ಗುಂಡಿ ತೆಗೆದು, ಶಾಲೆಗೆ ಹೊರಟ ಮಗುವನ್ನು ಸಿದ್ಧಮಾಡುವಂತೆ ಪಟ್ಟಿಯನ್ನು ಎದೆಗೆ ಬಿಗಿದಳು.

"ಕೋಟಿನ ಒಳಗಿರ್ಲಿ ಅತ್ತಿಗೆ," ಎಂದಳು ಪೆರಿಜಾತ್. "ಮೊಬೈಲು ಅದರಿಂದ ದೂರ. ಮನೆ ಬಿಡೋವಾಗ ಆನ್, ಮನೆಗೆ ಬಂದ್ಮೇಲೇ ಆಫ್. ಆದ್ರೆ ಡಬ್ಬಿ ಇದೆ ಅಂತ ಹಿಮ ಜಾರೋದು ನಿಲ್ಲಲ್ಲ ಅಣ್ಣ. ನಿಲ್ಬೇಕಾದ್ದು ನಿನ್ನ ಕಾಲು. ಗಾಳಿ ಹಿಮಾನೆಲ್ಲ ಆ ಇಳಿಜಾರಿಗೇ ತಂದು ರಾಶಿ ಹಾಕಿದೆ."

"ಹಸು ಏನು ತಿನ್ಬೇಕು? ನಿನ್ನ ಪಾಠಾನಾ?" ಶಾಬ್ದಾನ್‌ನ ದನಿಯಲ್ಲಿ ಮೊನೆಯಿರಲಿಲ್ಲ.

"ನಮ್ಮನೇಲಿ ಎರಡು ಹೊರೆ ಇದೆ. ಪಕ್ಕದ ಮನೇಲಿ ಇನ್ನೊಂದು ಕೇಳ್ತೀನಿ."

ಅವನು ಜಾರುಬಂಡಿ ಬಿಚ್ಚಿದ. ಗಂಟುಗಳು ಹೆಪ್ಪುಗಟ್ಟಿದ್ದವು; ಬಹಳ ಹೊತ್ತು ಹಿಡಿಯಿತು.

ಮೂರನೆಯ ದಿನ ಪೆರಿಜಾತ್ ಅಪಾಯವಿಲ್ಲದ ಜಾಗದಲ್ಲಿ ಗುಂಡಿ ತೋಡಿ ಹಿಮದ ಪದರ ನೋಡಿದಳು. "ಸೊಸೆ ಇನ್ನೂ ಮುನಿಸಲ್ಲಿದ್ದಾಳೆ," ಎಂದಳು. ನಾಲ್ಕನೆಯ ದಿನ ಶಾಬ್ದಾನ್, ಪೆರಿಜಾತ್, ಪಕ್ಕದ ಮನೆಯವನು ಮೂವರು ಹೊರಟರು. ಎಲ್ಲರ ಎದೆಯಲ್ಲೂ ಡಬ್ಬಿ, ಎಲ್ಲರ ಬೆನ್ನಲ್ಲೂ ಸಲಿಕೆ, ಕೋಲು. ಹಳೆಯ ದಾರಿ ಬಿಟ್ಟು ಹೊಳೆಯ ಆಚೆದಡದ ಸಮನೆಲದಲ್ಲಿ ಸುತ್ತಿ ಹೋದರು. ಕಿರಿದಾದ ತಿರುವಿನಲ್ಲಿ ಒಬ್ಬರು ದಾಟುವಾಗ ಇಬ್ಬರು ನಿಂತು ಕಣ್ಣಿಟ್ಟರು. ಅರ್ಧ ದಿನ ಹೆಚ್ಚಾಯಿತು.

"ನೋಡು, ಏನೂ ಆಗ್ಲೇ ಇಲ್ಲ," ಎಂದ ಶಾಬ್ದಾನ್, ಹುಲ್ಲು ಇಳಿಸಿ ಒಳಗೆ ಬಂದು.

ಕನಿಶಾಯ್ ಅವನ ಕೋಟಿನ ಗುಂಡಿ ತೆಗೆದಳು. ಎದೆಯ ಮೇಲೆ ಪುಟ್ಟ ದೀಪ ಮಿನುಗುತ್ತಲೇ ಇತ್ತು. "ಹೂಂ. ಏನೂ ಆಗ್ಲಿಲ್ಲ," ಎಂದು ಅದನ್ನು ಆರಿಸಿ, ಮತ್ತೆ ಮತ್ತೆ ಕೇಳುತ್ತ ಎದುರಿಗೇ ಕೂತಿರಲಿ ಎಂದು, ಅಲ್ಲಿ ಬೇಕಾದವರಿಗೆ ಸುರಿಯುವಂತೆ, ಬಟ್ಟಲಿಗೆ ಅರ್ಧವೇ ಚಹಾ ಸುರಿದಳು.

ಬೆಟ್ಟಕ್ಕೆ ಹೋಗುವ ಅಕ್ಕಂದಿರೇ, ಅಣ್ಣಂದಿರೇ, ನೀವು ಹುಲ್ಲು ತರಲು ಹೋಗಿ, ಹಿಮದಲ್ಲಿ ಜಾರಿ ಆಡಲು ಹೋಗಿ. ಹೊಸ ಹಿಮ ಬಿದ್ದ ಮೇಲೆ ತಿಳಿದವರನ್ನು ಕೇಳದೆ ಕಡಿದಾದ ಇಳಿಜಾರಿಗಾಗಲಿ ಅದರ ಬುಡಕ್ಕಾಗಲಿ ಕಾಲಿಡಬೇಡಿ. ಒಬ್ಬರೇ ಹೋಗಬೇಡಿ. ಡಬ್ಬಿ ನಿಮ್ಮ ಎದೆಯ ಮೇಲಿರಲಿ, ಸಲಿಕೆ ಕೋಲು ಜೊತೆಗಿರಲಿ. ಯಾರಾದರೂ ಅದನ್ನು ತಪ್ಪು ಜಾಗದಲ್ಲಿ ಕಟ್ಟಿದ್ದು ಕಂಡರೆ ನಕ್ಕು ಸುಮ್ಮನಾಗಬೇಡಿ.

ತೆಗಿ, ಎನ್ನಿ.